ಅಮ್ಮನ ಅಮ್ಮನಿಗೊಂದು ಚೌಕ

ಪುಟ್ಟಾ,

ನಾನು ಕೆಲಸಕ್ಕೆ ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ. ಅಮ್ಮನಿಗೆ ಮಾತ್ರೆಯನ್ನು ತಿಂಡಿಯಾದ ಮೇಲೆಯೇ ಕೊಡು.

ಕಂಪ್ಯೂಟರಿನ ವಂಶವೃಕ್ಷದಲ್ಲಿ, ಅಮ್ಮನನ್ನು ಹೆತ್ತು ಆಗಲೇ ತೀರಿಕೊಂಡ ಅಜ್ಜಿಗೆಂದು ನಾನು ಮಾಡಿದ್ದ ಚೌಕವನ್ನು ನೀನು ಅಳಿಸಿದ್ದೀಯ. ಹೆಸರಿಲ್ಲ, ಇಸವಿಯಿಲ್ಲ, ಫೋಟೊ ಇಲ್ಲ ಎಂದು ತಾನೆ? ಅಮ್ಮನನ್ನು ಸಾಕಿದ ಚಿಕ್ಕಜ್ಜಿಯನ್ನೇ ತಾಯಿಯ ಜಾಗಕ್ಕೆ ಸೇರಿಸಿದ್ದೀಯ. ಆಧಾರವಿಲ್ಲದ್ದನ್ನು ದಾಖಲಿಸಬಾರದೆಂದು ವಂಶವೃಕ್ಷ ಬರೆಯುವ ಸಂಜೆ ತರಗತಿಯಲ್ಲಿ ನನಗೂ ಕಲಿಸಿದ್ದರು. ನನ್ನದೇ ತಪ್ಪಿರಬಹುದು. ಆದರೆ ಹೆತ್ತವಳೊಬ್ಬಳು ಇದ್ದಳು ಎಂಬುದಕ್ಕೆ ಅಮ್ಮನೇ ಆಧಾರವಲ್ಲವೇ?

ನಿನ್ನೆ ಸಂಜೆ ಅವಳು ಕುರ್ಚಿ ಎಳೆದುಕೊಂಡು ಕೂತು, ಪರದೆಯ ಮೇಲೆ ಬೆರಳಿಟ್ಟು ಹುಡುಕಿದಳು. "ನನ್ನ ಹೆತ್ತವಳು ಎಲ್ಲೇ? ಇಲ್ಲೂ ಇಲ್ವಾ?" ಅಂದಳು. "ಇನ್ನೂ ಪೂರ್ತಿ ಲೋಡ್ ಆಗಿಲ್ಲಮ್ಮ" ಅಂದುಬಿಟ್ಟೆ.

ಚೌಕವನ್ನು ಮತ್ತೆ ಹಾಕು. ಹೆಸರಿನ ಜಾಗದಲ್ಲಿ 'ಅಮ್ಮನ ಅಮ್ಮ' ಎಂದು ಬರೆ. ಇಸವಿಗೆ ಪ್ರಶ್ನೆಚಿಹ್ನೆ ಸಾಕು. ಅಲ್ಲಿಂದ ಅಮ್ಮನವರೆಗೆ ಗೆರೆ ಎಳೆಯಲು ಮರೆಯಬೇಡ. ಚಿಕ್ಕಜ್ಜಿಯೂ ಪಕ್ಕದಲ್ಲಿರಲಿ, ಅವಳನ್ನು ತೆಗೆಯಬೇಡ.

ಅಮ್ಮ ಏಳುವ ಮೊದಲೇ ಮಾಡಿಬಿಡು. ಮಲಗುವಾಗಲೂ "ಲೋಡ್ ಆಯ್ತೇನೇ?" ಅಂತ ಕೇಳಿದಳು.

ಅಕ್ಕ