ತಡೆಹಿಡಿದ ನಾಲ್ಕು ಸೀಟುಗಳ ಸಂಗತಿ

ವಿಮಾನ ದರಗಳ ಮೇಲೆ ಕಣ್ಣಿಡಬೇಕಾದ ಮಾನ್ಯ ಅಧಿಕಾರಿಗಳೇ,

ರಜೆ ಬಂತೆಂದರೆ ಹೊರದೇಶದ ಟಿಕೆಟ್ ದರ ಮೂರು ಪಟ್ಟಾಗುತ್ತದೆ, ತಾವು ಕಣ್ಣುಮುಚ್ಚಿ ಕೂರುತ್ತೀರಿ. ಇದು ನನ್ನ ದೂರು. ದೂರುವ ಯೋಗ್ಯತೆ ನಿನಗಿದೆಯೇ ಎಂದು ಕೇಳಿದರೆ, ಇಲ್ಲ. ಬಸ್ ನಿಲ್ದಾಣದ ಎದುರು, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ವಿಮಾನದ ಟಿಕೆಟ್ ಮಾರುವ ಏಜೆಂಟ್ ನಾನು.

ನಮ್ಮ ಕಸುಬಿನ ಕೈಚಳಕ ತಮಗೆ ಗೊತ್ತಿಲ್ಲದ್ದೇನಲ್ಲ. ಸೀಸನ್ನಿನಲ್ಲಿ ಅಗ್ಗದ ಸೀಟು ಕಂಡರೆ ಸಾಕು, ಗಿರಾಕಿ ಹೂಂ ಅನ್ನುವ ಮೊದಲೇ ತಡೆಹಿಡಿಯುತ್ತೇವೆ. ದುಡ್ಡು ಕಟ್ಟಬೇಕಿಲ್ಲ, ಸಂಜೆಯವರೆಗೆ ಸೀಟು ನಮ್ಮದು. ಅತ್ತ ಮೊಬೈಲ್ ಹಿಡಿದು ಹುಡುಕುವ ಬಡಪಾಯಿಗೆ ಅಗ್ಗದ್ದೆಲ್ಲ ಮುಗಿದಂತೆ ಕಾಣುತ್ತದೆ, ದರ ಏರುತ್ತದೆ. ಇದಕ್ಕೆ ತಮ್ಮ ಕಚೇರಿ ಇಟ್ಟಿರುವ ಹೆಸರು ‘ಮಾರುಕಟ್ಟೆಯ ಬೇಡಿಕೆ’. ಆಹಾ, ಎಂಥ ಬೇಡಿಕೆ! ಅರ್ಧ ಬೇಡಿಕೆ ಹುಟ್ಟುವುದು ನನ್ನಂಥವರ ಬೆರಳ ತುದಿಯಲ್ಲಿ ಸ್ವಾಮಿ.

ನನ್ನ ತಂಗಿ ಹೊರದೇಶದ ವಸತಿಶಾಲೆಯೊಂದರಲ್ಲಿ ಅಡುಗೆ ಮಾಡುತ್ತಾಳೆ. ಮಕ್ಕಳು ಮನೆಗೆ ಹೋದಾಗ ಮಾತ್ರ ಅವಳಿಗೆ ಬಿಡುವು. ಅಂದರೆ ಲೋಕವೆಲ್ಲ ವಿಮಾನ ಹತ್ತುವ ಹೊತ್ತಿಗೇ. ಅವಳ ಪುಟ್ಟ ಮಗಳು ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದಾಳೆ, ಅಮ್ಮನನ್ನು ಕಂಡು ಎರಡು ವರ್ಷವಾಯಿತು. ಈ ರಜೆಗೆ ಬರಲು ಹೊರಟ ತಂಗಿ ಮೊನ್ನೆ ಬೆಳಿಗ್ಗೆ ಫೋನ್ ಮಾಡಿದಳು.

“ಅಣ್ಣಾ, ಟಿಕೆಟ್ ಸ್ವಲ್ಪ ಜಾಸ್ತಿನೇ ಇದೆ. ಹೆಂಗೋ ಹೊಂದಿಸ್ತೀನಿ, ತಗೊಂಡ್ಬಿಡ್ಲಾ?”

“ತಲೆ ಕೆಟ್ಟಿದ್ಯೇನೇ? ಅಣ್ಣ ಇದೇ ಕಸುಬಲ್ಲಿರುವಾಗ ನೀನ್ಯಾಕೆ ಜಾಸ್ತಿ ಕೊಡ್ತೀಯ? ಅದೇ ವಿಮಾನದ ಅಗ್ಗದ ಸೀಟು ನಾಲ್ಕು ನನ್ನ ಕೈಲಿದೆ. ಕೇಳಿದ ಗಿರಾಕಿ ಹೋಗೋದೇ ಅನುಮಾನ, ಬೇಡ ಅಂದ ತಕ್ಷಣ ಬಿಟ್ಟು, ಒಂದನ್ನ ನಿನ್ನ ಹೆಸ್ರಿಗೆ ಹಾಕ್ತೀನಿ. ಸುಮ್ನಿರು.”

ಪಾಪ, ಸುಮ್ಮನಿದ್ದಳು. ಹೋಗುವುದೋ ಬೇಡವೋ ಎಂದು ದಿನವಿಡೀ ಜಗ್ಗಾಡಿದ ಗಿರಾಕಿಯ ಸಂಸಾರ ಸಂಜೆಗೆ ಬೇಡ ಎಂದಿತು. ಸೀಟು ಬಿಟ್ಟೆ, ಆ ಕ್ಷಣವೇ ತಂಗಿಗಾಗಿ ಹುಡುಕಿದೆ. ನಾನು ಬಿಟ್ಟ ಸೀಟೇ, ದರ ಮಾತ್ರ ಮೂರು ಪಟ್ಟು. ಅವಳು ಬೆಳಿಗ್ಗೆ ನೋಡಿದ್ದ ಟಿಕೆಟ್ಟೂ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ನಮ್ಮಿಬ್ಬರ ದುಡಿಮೆ ಸೇರಿಸಿದರೂ ಎಟುಕಲಿಲ್ಲ. ತಂಗಿ “ಹೋಗ್ಲಿ ಬಿಡಣ್ಣ” ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದ್ದರಿಂದ ಕೇಳುತ್ತಿದ್ದೇನೆ: ದುಡ್ಡು ಕಟ್ಟದೆ ಸೀಟು ತಡೆಹಿಡಿಯುವುದನ್ನು ನಿಲ್ಲಿಸಿ. ಬಿಟ್ಟ ಸೀಟು ಹಳೆಯ ದರಕ್ಕೇ ಮಾರಾಟಕ್ಕೆ ಬರಬೇಕೆಂದು ಕಂಪನಿಗಳಿಗೆ ಆಜ್ಞೆ ಮಾಡಿ. ಪರವಾನಗಿ ರದ್ದು ಮಾಡುವುದಿದ್ದರೆ ನನ್ನಿಂದಲೇ ಶುರುಮಾಡಿ, ನಾನು ತಕರಾರು ತೆಗೆಯುವುದಿಲ್ಲ. ಬೇಗ ಮಾಡಿ. ಏಕೆಂದರೆ ತಂಗಿ ತನ್ನ ಮಗಳಿಗೆ “ನಂಗೆ ರಜೆ ಸಿಗ್ಲಿಲ್ಲ ಕಂದಾ” ಎಂದು ಫೋನಿನಲ್ಲಿ ಹೇಳಿಬಿಟ್ಟಳು, ನನ್ನ ಹೆಸರೆತ್ತಲಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ ಬಾಯಿಬಿಡಲಿಲ್ಲ. ಅಮ್ಮನ ಮೇಲೆ ಮುನಿಸಿಕೊಂಡ ಮಗು ಈಗ ಫೋನಿಗೇ ಬರುವುದಿಲ್ಲ. ನನ್ನ ಮಡಿಲಲ್ಲಿ ಬಂದು ಕೂತು, “ನೀನೇ ಒಳ್ಳೆಯವನು ಮಾಮಾ” ಅನ್ನುತ್ತದೆ.

ಇಂತಿ,
ಊರಿಗೆಲ್ಲ ಟಿಕೆಟ್ ಕೊಡಿಸಿ ತಂಗಿಗೆ ಕೈಕೊಟ್ಟ ಅಣ್ಣ