ಮಳೆ ಬಂದರೆ ಹಾರಬೇಕು

ಡಿಸೆಂಬರ್ 15, ಸೋಮವಾರ

ಬೆಳಿಗ್ಗೆ ಹೆಲಿಕಾಪ್ಟರಿನ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ತೆಗೆದು ನೋಡಿದೆ. ನೀರು ಸೇರಿಲ್ಲ. ಗಾಜು ಒರೆಸಿದೆ. ಆಮೇಲೆ ನನ್ನ ಗಾಲಿಮನೆ, ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತು ಆಕಾಶ ನೋಡಿದೆ. ಇದೇ ನನ್ನ ಕೆಲಸ. ಯಂಗ್ ಊರಿನ ಚೆರ್ರಿ ಕೊಯ್ಲು ಮುಗಿಯುವ ತನಕ ಹೆಲಿಕಾಪ್ಟರ್ ಬಿಟ್ಟು ಕದಲುವಂತಿಲ್ಲ. ಮಳೆ ನಿಂತ ಕೂಡಲೇ ಮರಗಳ ನೆತ್ತಿಯ ಮೇಲೇ ಹಾರಾಡಿ, ರೆಕ್ಕೆಯ ಗಾಳಿಯಿಂದ ಹಣ್ಣಿನ ನೀರು ಕೊಡವಬೇಕು. ತೊಟ್ಟಿನ ಗುಳಿಯಲ್ಲಿ ನೀರು ನಿಂತರೆ ಸಿಪ್ಪೆ ಬಿರಿಯುತ್ತದೆ. ಬಿರಿದ ಚೆರ್ರಿ ಯಾರಿಗೆ ಬೇಕು?

ತೋಟದ ಯಜಮಾನ ನೆಲ್ಲೊ ಬಂದಿದ್ದ.

"ಏನ್ ಕ್ಯಾಪ್ಟನ್ನಮ್ಮ, ಸುಮ್ನೆ ಕೂರಕ್ಕೂ ಸಂಬಳ ತಗೊಳ್ಳೋಳು ಈ ತೋಟದಲ್ಲಿ ನೀನೊಬ್ಳೇ!"

"ನಾನ್ ಎದ್ರೆ ನಿಂಗೇ ಕಷ್ಟ ಕಣಯ್ಯಾ. ಕೂತೇ ಇರ್ಲಿ ಅಂತ ಹರಕೆ ಹೊತ್ಕೋ."

ನಗುತ್ತಾ ಹೋದ.

ಈ ವರ್ಷದ ಕ್ರಿಸ್‌ಮಸ್ ನನ್ನ ಪಾಲು. ಒಂದು ವರ್ಷ ಗ್ರಾಂಟ್‌ಗೆ, ಒಂದು ವರ್ಷ ನನಗೆ — ಗಂಡ ಹೆಂಡತಿ ಬೇರೆಯಾದಾಗ ಆದ ಮಾತು. ಮಗಳು ಮ್ಯಾರ್ನಿಗೆ ಈಗ ಹದಿಮೂರು. 24ರ ಸಂಜೆ ಅವಳನ್ನು ಎರಡು ಗಂಟೆ ದೂರದ ವಾಗಾ ಊರಿಂದ ಕರೆತಂದು ಬಿಡುತ್ತಾನೆ ಅವಳಪ್ಪ. ಕ್ಯಾರವಾನಿನಲ್ಲಿ ಇಬ್ಬರಿಗೆ ಜಾಗ ಇದೆ, ಯಾರೂ ಮಗ್ಗುಲು ಬದಲಿಸದಿದ್ದರೆ.

ಡಿ. 18

ಮ್ಯಾರ್ನಿ ಫೋನ್.

"ಅಮ್ಮಾ, ಮಳೆ ಬಂದ್ರೆ?"

"ಬರಲ್ಲ ಕಣೇ."

"ಮಳೆ ಏನ್ ನಿನ್ನ ಕೇಳ್ಕೊಂಡು ಬರುತ್ತಾ? ಬಂದ್ರೆ?"

"ಬಂದ್ರೆ ಹಾರ್ತೀನಿ. ಇಳಿದ್ಮೇಲೆ ಊಟ ಮಾಡೋಣ."

"ಕತ್ಲಾದ್ಮೇಲೆ."

ಎರಡು ವರ್ಷದ ಹಿಂದೆ ಹಾಗೇ ಆಗಿತ್ತು. ನೆಲ್ಲೊ ಮನೆಯ ಸೋಫಾದಲ್ಲಿ, ಗುರುತಿಲ್ಲದ ಮಕ್ಕಳ ನಡುವೆ, ನನಗೆ ಕಾದು ಕಾದು ಅಲ್ಲೇ ನಿದ್ದೆ ಹೋಗಿದ್ದಳು.

ಹಬ್ಬದೂಟಕ್ಕೆ ತೋಟಕ್ಕೇ ತಲುಪಿಸಿ ಅಂತ ಅಂಗಡಿಗೆ ಫೋನ್ ಮಾಡಿ ಸಿಗಡಿ ಹೇಳಿಟ್ಟೆ. ಹಂದಿ ತೊಡೆಯ ಸಣ್ಣದೊಂದು ಹ್ಯಾಮ್ ಕೂಡ.

ಡಿ. 23

ಇಷ್ಟು ದಿನ ಬರೆಯಲಾಗಲಿಲ್ಲ. ಮಳೆ. ಹಾರಿದೆ, ಇಳಿದೆ, ಇಂಧನ ತುಂಬಿದೆ, ಮತ್ತೆ ಹಾರಿದೆ. ಕಿವಿಯಲ್ಲಿ ಇನ್ನೂ ಎಂಜಿನ್. ಹಣ್ಣು ಉಳಿಯಿತು. ನೆಲ್ಲೊ ಖುಷಿಗೆ ತಬ್ಬಿಕೊಂಡ. ನನಗೆ ಅಳು ಬಂತು. ಒಬ್ಬ ಮನುಷ್ಯ ನನ್ನನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ...

ಆಕಾಶ ಈಗ ತೊಳೆದಿಟ್ಟಂತಿದೆ. 25ಕ್ಕೆ ಇನ್ನೊಂದು ಸುತ್ತು ಬರುತ್ತದೆ ಎನ್ನುತ್ತಾರೆ ಹವಾಮಾನದವರು. ಏನು ಬೇಕಾದರೂ ಅಂದುಕೊಳ್ಳಲಿ. ಹಾಸಿಗೆಯ ಹೊದಿಕೆ ಒಗೆದು ಹಾಕಿದೆ.

ಡಿ. 24, ಸಂಜೆ

"ಅಮ್ಮಾ, ನಾನ್ ಬರಲ್ಲ. ಅಪ್ಪನ ಹತ್ರಾನೇ ಇರ್ತೀನಿ."

"ಕೋಪಾನಾ?"

"ಇಲ್ಲಮ್ಮ, ನಿಜವಾಗ್ಲೂ. ನೀನು ಆಕಾಶ ನೋಡ್ತಾ ಉಣ್ತೀಯ, ನಾನು ನಿನ್ ಮುಖ ನೋಡ್ತಾ ಉಣ್ತೀನಿ. ಇಬ್ರಿಗೂ ಟೆನ್ಷನ್. ನಾಳೆ ಹೆಂಗಿದ್ರೂ ಮಳೆ ಅಂತಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈದವರ ಹತ್ತಿರ ಜಗಳವಾಡಬಹುದು. ಇಷ್ಟು ಒಳ್ಳೆಯ ಮಾತಿನ ಹತ್ತಿರ ಹೇಗೆ ಆಡುವುದು? "ಸರಿ ಕಣೇ" ಎಂದೆ.

ಒಂದು ಕಿಲೋ ಸಿಗಡಿ ಇದೆ. ಒಬ್ಬಳಿಗೆ.

ಡಿ. 25, ಬೆಳಿಗ್ಗೆ

ಮೋಡ ಇಲ್ಲ.

ಮಧ್ಯಾಹ್ನ

ಈಗಲೂ ಇಲ್ಲ. ಮಳೆ ದಕ್ಷಿಣಕ್ಕೆ ತಿರುಗಿಕೊಂಡಿತಂತೆ. ನೆಲ್ಲೊಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ. "ಬಾರೇ ಕ್ಯಾಪ್ಟನ್ನಮ್ಮ, ನಮ್ಜೊತೆ ಉಣ್ಣು. ಹಬ್ಬದ ದಿನ ಒಬ್ಳೇ ಕೂತು ಏನ್ ಮಾಡ್ತೀಯ?" ತಲೆನೋವು ಎಂದೆ. ಅವರ ಮನೆಯ ನಗು ಇಲ್ಲಿಯ ತನಕ ಕೇಳಿಸುತ್ತದೆ. ಸಿಗಡಿಯನ್ನು ನಿಂತೇ ಸುಲಿದು ತಿಂದೆ. ಅರ್ಧ ಹಾಗೇ ಉಳಿಯಿತು.

ಇಷ್ಟು ವರ್ಷದಲ್ಲಿ ಮೊದಲ ಸಲ, ಮಳೆ ಬಂದುಬಿಡಲಿ ಅನ್ನಿಸಿತು. ನೆಲ್ಲೊನ ಹಣ್ಣೆಲ್ಲ ಬಿರಿದು ಹೋಗಲಿ. ಮಳೆ ಬಂದರೆ ನಾನು ಹೀಗೆ ಒಬ್ಬಳೇ ಇರುವುದಕ್ಕೆ ಕಾರಣವಾದರೂ ಇರುತ್ತದೆ... ಎಂಥ ಹೆಂಗಸು ನಾನು. ಅವನು ನನಗೆ ಏನು ಕೆಟ್ಟದ್ದು ಮಾಡಿದ್ದಾನೆ?

ಮೂರು ಗಂಟೆ

ಮ್ಯಾರ್ನಿ ಫೋನ್ ಮಾಡಿದ್ದಳು. ಮೆಟ್ಟಿಲ ಮೇಲೆ, ಬಿಸಿಲಲ್ಲೇ ಕೂತಿದ್ದೆ.

"ಹ್ಯಾಪಿ ಕ್ರಿಸ್‌ಮಸ್ ಅಮ್ಮಾ. ಮಳೆ ಬಂತಾ?"

"ಬಂತು ಕಣೇ! ಈಗಷ್ಟೇ ಇಳಿದೆ. ಮತ್ತೆ ಹಾರ್ಬೇಕು."

"...ಹೌದಾ."

"ನೀನು ಬರ್ದೇ ಇದ್ದದ್ದೇ ಒಳ್ಳೇದಾಯ್ತು ನೋಡು. ಸುಮ್ನೆ ಒಬ್ಳೇ ಕೂತಿರ್ಬೇಕಿತ್ತು."

"ಹೂಂ. ಹುಷಾರು ಅಮ್ಮಾ."

ಸುಳ್ಳು ಸಲೀಸಾಗಿ ಬಂತು. ನಿಜ ಹೇಳಿದ್ದರೆ, ಹೋಗಬಹುದಿತ್ತಲ್ಲ ಅಂತ ದಿನವಿಡೀ ಕೊರಗುತ್ತಿದ್ದಳು ಪಾಪ. ಈ ಹಬ್ಬಕ್ಕೆ ಅವಳಿಗೆ ನನ್ನಿಂದಾದದ್ದು ಅದೊಂದೇ. ಸ್ವಲ್ಪ ಸಮಾಧಾನವಾಯಿತು.

ಡಿ. 26, ಬೆಳಿಗ್ಗೆ

ಎದ್ದಾಗ ಮೆಸೇಜ್ ಬಂದಿತ್ತು.

"ಅಮ್ಮಾ, ನಿನ್ನೆ ಅಲ್ಲಿ ಮಳೆ ಬಂದಿರ್ಲಿಲ್ಲ. ನೀನು ಮಾತಾಡ್ವಾಗ ಹಿಂದ್ಗಡೆ ಜೀರುಂಡೆ ಜೋರಾಗಿ ಕೂಗ್ತಿದ್ವು. ಮಳೇಲಿ ಅವು ಕೂಗಲ್ಲ. ಅಪ್ಪ ಕಾರ್ ಕೀ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದ. ನೀನು ಬಾ ಅಂತೀಯೇನೋ ಅಂತ ಫೋನ್ ಮಾಡಿದ್ದೆ."

ಎಷ್ಟು ಸಲ ಓದಿದೆನೋ. ಅವಳು ಕೇಳಿದ್ದು ಮಳೆಯನ್ನಲ್ಲ. ಕ್ಷಮಿಸು ಎಂದು ಬರೆದೆ, ಅಳಿಸಿದೆ. ನಿನಗೆ ಬೇಜಾರಾಗದಿರಲಿ ಅಂತ — ಅದನ್ನೂ ಅಳಿಸಿದೆ. ಒಂದಕ್ಷರ ಸಾಕಿತ್ತು. ಈಗಲೂ ಸಾಕು. ಎರಡು ಗಂಟೆಯ ದಾರಿ, ಶಾಲೆಗೆ ರಜೆ ಇದೆ, ಬಂದರೆ ಮಧ್ಯಾಹ್ನದ ಊಟಕ್ಕೆ...

ತಗಡಿನ ಮೇಲೆ ಹನಿ ಬಿತ್ತು. ಇನ್ನೊಂದು. ನೆಲ್ಲೊ ಅಂಗಳದಿಂದಲೇ ಕೂಗುತ್ತಿದ್ದಾನೆ. ಇರಯ್ಯಾ, ಬಂದೆ. ಮೊದಲು ಅವಳಿಗೆ ಆ ಒಂದಕ್ಷರ ಬರೆದು...