ಹಾಸಿಗೆಯ ಪಕ್ಕದ ಜಾಗ

ಅರಕಲಗೂಡು
೧೭-೧-೧೯೪೩

ಒಡಹುಟ್ಟದೆಯೂ ತಂಗಿಯಾದ ಸುವರ್ಣಳಿಗೆ ನೀಲಕ್ಕನ ಆಶೀರ್ವಾದಗಳು.

ನಾನಿಲ್ಲಿ ಗಟ್ಟಿಯಾಗಿಯೇ ಇದ್ದೇನೆ. ನೀನೂ ನಿನ್ನ ತಾಯಿಯವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದವೂ ಕೈಸೇರಿದವು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಕೈ ನಿಲ್ಲುತ್ತಿತ್ತು. ಇವತ್ತು ಭಾನುವಾರ, ಔಷಧಾಲಯಕ್ಕೆ ಬಾಗಿಲು ಹಾಕಿದೆ. ಏನಾದರಾಗಲಿ ಎಂದು ಹಟ ಹಿಡಿದು ಕೂತಿದ್ದೇನೆ.

ಇಲ್ಲಿಯದನ್ನು ಔಷಧಾಲಯ ಎಂದು ಕರೆಯುವುದೇ ದೊಡ್ಡ ಮಾತು. ನಮ್ಮ ಧರ್ಮಾಸ್ಪತ್ರೆಯವರು ಬಾಡಿಗೆಗೆ ಹಿಡಿದಿರುವ ಎರಡು ಕೋಣೆ, ಒಂದು ಬೆಂಚು, ಒಬ್ಬ ಕಾಂಪೌಂಡರು. ಹೆಸರು ಚಲುವಯ್ಯ. ತಲೆನೋವಿಗೂ ಅದೇ ಕೆಂಪು ನೀರು, ಹೊಟ್ಟೆನೋವಿಗೂ ಅದೇ. ಒಂದು ದಿನ ಕೇಳಿಯೇಬಿಟ್ಟೆ. ವಾಸಿಯಾಗುವವರು ಯಾವುದರಲ್ಲಾದರೂ ವಾಸಿಯಾಗುತ್ತಾರೆ ತಾಯಿ ಎಂದರು! ಕೆಟ್ಟ ಮನುಷ್ಯರಲ್ಲ, ಸೋಮಾರಿ ಅಷ್ಟೆ.

ಜನರ ವಿಷಯ ಬೇರೆ. ನಾನು ಇದ್ದಿಲು ಬಸ್ಸಿನಲ್ಲಿ ಕೆಮ್ಮುತ್ತ ಬಂದಿಳಿಯುವ ಮೊದಲೇ ನನ್ನ ಸುದ್ದಿ ಬಂದಿಳಿದಿತ್ತು. ಹಾಸನದಲ್ಲಿ ಒಂದು ಹುಡುಗಿಗೆ ಕಂಡದ್ದು ತಿನ್ನಿಸಲು ಹೇಳಿ ಕೊಂದ ನರ್ಸು ಇವಳೇ ಎಂದು. ಬಾಣಂತಿಯರನ್ನು ನೋಡಲು ಹೋದರೆ ಮುದುಕಿಯರು ಕೂಸಿಗೆ ಸೆರಗು ಮರೆಮಾಡುತ್ತಾರೆ. ಮನೆ ಕೊಟ್ಟಿರುವ ಪರಮಶಿವಯ್ಯನವರ ಹೆಂಡತಿ ನನ್ನ ಕೈಯಿಂದ ನೀರು ಕೂಡ ಈಸಿಕೊಳ್ಳುವುದಿಲ್ಲ. ಗಂಡ ಸತ್ತಾಗ ನೆಂಟರು ಮುಖ ತಿರುಗಿಸಿದ್ದನ್ನು ಸಹಿಸಿದವಳು ನಾನು. ಆದರೆ ಇದನ್ನು ಸಹಿಸಲು ಆಗುತ್ತಿಲ್ಲ ಕಣೇ. ನನಗೆ ಇದ್ದದ್ದು ಈ ಕೆಲಸದ ಹೆಸರೊಂದೇ.

ನಾನು ನೋಡಿಕೊಳ್ಳುತ್ತಿದ್ದ ಹಾಸನದ ಹೆಂಗಸರ ವಾರ್ಡು ಈಗ ನಿನ್ನ ಕೈಗೆ ಬಂದಿದೆ ಎಂದು ಬರೆದಿದ್ದೀಯ, ಸಂತೋಷ. ಮನೆಯವರನ್ನು ಮತ್ತೆ ಗೇಟಿನಾಚೆಯೇ ನಿಲ್ಲಿಸಿರುವುದರಿಂದ ಒಳಗೆ ಗಲಾಟೆ ಇಲ್ಲ, ವಾರ್ಡು ಶಾಂತವಾಗಿದೆ ಎಂದೂ ಬರೆದಿದ್ದೀಯ. ಆ ಸಾಲು ಓದಿ ನನಗೆ ಊಟ ಸೇರಲಿಲ್ಲ.

ನುಗ್ಗೇಹಳ್ಳಿಯ ಆ ಸೊಸೆ ನಿನಗೆ ನೆನಪಿಲ್ಲವೇ? ಗೇಟಿನಾಚೆ ಹುಣಿಸೆಮರದಡಿ ಮೂರು ಕಲ್ಲು ಹೂಡಿ ಅತ್ತೆಗೆ ಗಂಜಿ ಕಾಯಿಸುತ್ತಿದ್ದಳು. ಒಳಗೆ ಅತ್ತೆಯ ಪ್ರಾಣ ಹೋಗಿ ಎಷ್ಟೋ ಹೊತ್ತಾಗಿತ್ತು. ಹೇಳುವವರಿಲ್ಲ. ಗಂಜಿ ತಳ ಹಿಡಿಯದಿರಲೆಂದು ಅವಳು ತಿರುವುತ್ತಲೇ ಇದ್ದಳು. ಹೊರಗೆ ಹೋಗಿ ಅವಳ ಕೈಯಿಂದ ಸೌಟು ತೆಗೆದುಕೊಂಡವಳು ನಾನು. ಬಾಯಿಗೆ ಒಂದು ಹನಿ ನೀರು ಬಿಡಲೂ ಮನೆಯವರಿಲ್ಲದೆ ಯಾರೂ ಸಾಯಬಾರದು ಎಂದು ಅವತ್ತೇ ಡಾಕ್ಟರ ಮುಂದೆ ನಿಂತು ಜಗಳವಾಡಿದೆ. ಹಾಸಿಗೆಗೊಬ್ಬ ಹೆಂಗಸು ಪಕ್ಕದಲ್ಲಿ ಕೂರಲಿ, ಏನಾದರೂ ಆದರೆ ನನ್ನನ್ನು ಕೇಳಿ ಎಂದೆ. ಅವರು ಗೊಣಗಿಕೊಂಡೇ ಒಪ್ಪಿದರು. ಆ ಜಾಗಕ್ಕೆ ಬೆಲೆಯಾಗಿ ನಾನು ಇಟ್ಟದ್ದು ನನ್ನನ್ನೇ.

ಮೊಸಳೆ ಎಂಬ ಹಳ್ಳಿಯ ಚಿಕ್ಕಲಕ್ಷ್ಮಮ್ಮ ಹಾಗೆ ಬಂದು ಕೂತವಳು. ಮಗಳು ಕಾಮಾಕ್ಷಿಗೆ ವಿಷಮಜ್ವರ. ಜ್ವರ ಇಳಿದ ದಿನ ತಾಯಿಯನ್ನು ಹತ್ತಿರ ಕೂರಿಸಿಕೊಂಡು ಬಿಡಿಸಿ ಹೇಳಿದೆ: ಕರುಳೆಲ್ಲ ಹುಣ್ಣಾಗಿದೆ, ಗಟ್ಟಿ ಪದಾರ್ಥ ಬಿದ್ದರೆ ತೂತಾಗುತ್ತದೆ, ಬಾರ್ಲಿ ನೀರು ಬಿಟ್ಟು ಬೇರೇನೂ ಕೂಡದು. ನೀನೂ ಅಲ್ಲೇ ಬ್ಯಾಂಡೇಜು ಸುತ್ತುತ್ತ ಕೂತಿದ್ದೆ. ಒಂದಗಳೂ ಕೊಡಾಕಿಲ್ಲ ಕಣವ್ವ ಎಂದು ಅವಳು ನನ್ನ ಕೈ ಮೇಲೆ ಕೈಯಿಟ್ಟು ಒಪ್ಪಿಕೊಂಡಳು.

ಆದರೆ ಅವಳ ಮನೆಯಲ್ಲಿ ಒಂದು ಪದ್ಧತಿ. ಜ್ವರ ಬಿಟ್ಟ ದಿನವೇ ಹೆತ್ತವಳು ತನ್ನ ಕೈಯಾರೆ ತುಪ್ಪದಲ್ಲಿ ಅದ್ದಿದ ಮುದ್ದೆಯ ತುತ್ತು ಕೊಡಬೇಕು, ಇಲ್ಲದಿದ್ದರೆ ಜ್ವರ ಮರಳಿ ಬಂದು ಕೂರುತ್ತದೆ ಎಂದು. ನಾನು ಆ ಕಡೆ ಹೋದಾಗ ಮಡಿಲಿನಿಂದ ತೆಗೆದು ಕೊಟ್ಟಿದ್ದಾಳೆ. ಹಸಿದಿದ್ದ ಹುಡುಗಿ, ತುತ್ತಿನ ಮೇಲೆ ತುತ್ತು ಬೇಡಿ ತಿಂದಿದೆ. ಸಂಜೆಗೆ ಹೊಟ್ಟೆ ಕಲ್ಲಿನಂತೆ ಬಿಗಿಯಿತು. ಬೆಳಗ್ಗೆ ಹುಡುಗಿ ಇರಲಿಲ್ಲ.

ಡಾಕ್ಟರು ಮೊದಲು ನಿನ್ನನ್ನೂ ಚಿಕ್ಕಲಕ್ಷ್ಮಮ್ಮನನ್ನೂ ಕೋಣೆಗೆ ಕರೆಸಿಕೊಂಡರು, ಆಮೇಲೆ ನನ್ನನ್ನು. ನಾನು ಒಳಗೆ ಕಾಲಿಟ್ಟಾಗ ಚಿಕ್ಕಲಕ್ಷ್ಮಮ್ಮ ನೆಲ ನೋಡುತ್ತ ಹೇಳುತ್ತಿದ್ದಳು:

"ಈ ನರ್ಸಮ್ಮನೇ ಯೋಳಿದ್ದು ಸಾ, ಒಂದು ತುತ್ತು ಕೊಟ್ರೆ ಏನೂ ಆಗಾಕಿಲ್ಲ ಅಂತ."

ಅವಳ ಮಗಳ ಮಲಮೂತ್ರ ಬಳಿದವಳು ನಾನು. ಅವಳಿಗೆ ಆ ಜಾಗ ಕೊಡಿಸಿದವಳು ನಾನು. ಬೆನ್ನಿಗೆ ಚೂರಿ ಹಾಕಿದಳು ಎನ್ನುತ್ತಾರಲ್ಲ, ಇವಳು ಎದುರಿಗೇ ಹಾಕಿದಳು. ನಾನು ಹೇಳಿದ ಒಂದು ಮಾತನ್ನೂ ಡಾಕ್ಟರು ನಂಬಲಿಲ್ಲ, ಇಲ್ಲಿಗೆ ಎತ್ತಿಹಾಕಿದರು. ಹೊರಗೆ ಬಂದಾಗ ನೀನು ನನ್ನನ್ನು ತಬ್ಬಿಕೊಂಡು ಅತ್ತೆ. ಕಂಡದ್ದನ್ನೆಲ್ಲ ಹೇಳಿದೆ ಅಕ್ಕ, ಅವರು ಕಿವಿಗೇ ಹಾಕಿಕೊಳ್ಳಲಿಲ್ಲ ಎಂದೆ. ಅದೊಂದು ಮಾತು ಹಿಡಿದುಕೊಂಡು ನಾನು ಬಸ್ಸು ಹತ್ತಿದೆ.

ಹೋದ ವಾರ ಚಿಕ್ಕಲಕ್ಷ್ಮಮ್ಮ ಇಲ್ಲಿಗೆ ಬಂದಿದ್ದಳು. ಜೊತೆಗೆ ಗಂಡ ನಂಜಪ್ಪ. ಅವನು ಜಗಲಿಯ ಮೇಲೆ ಕೂತವನು ತಲೆ ಎತ್ತಲಿಲ್ಲ. ಅವಳನ್ನು ಕಂಡ ಕೂಡಲೇ ಮೈಯೆಲ್ಲ ಉರಿಯಿತು. ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದದ್ದು ಅಂದೆ. ಎಲ್ಲ ಅನ್ನಿಸಿಕೊಂಡು ಆಮೇಲೆ ಹೇಳಿದಳು:

"ನನ್ನ ಕೈಯಾರೆ ಕೊಂದೆ ಅಂತ ಯಂಗವ್ವ ಯೋಳಲಿ? ಇವರ ಮಖ ನೋಡ್ಕಂಡು ಬಾಳಬ್ಯಾಡ್ವಾ?"

ಒಳಗೆ ಕರೆದು ಮಜ್ಜಿಗೆ ಕೊಟ್ಟೆ. ಗಂಡನಿಗೆ ಈಗ ನಿಜ ಹೇಳಿದ್ದಾಳಂತೆ, ಡಾಕ್ಟರ ಮುಂದೆಯೂ ಹೇಳುತ್ತಾಳಂತೆ. ಕ್ಷಮಿಸಿದೆನೋ ಇಲ್ಲವೋ ನನಗೇ ತಿಳಿಯದು. ಸಿಟ್ಟಂತೂ ಹೋಗಿಲ್ಲ, ಆದರೆ ಅವಳ ಮೇಲೆ ಹಾಕಲು ಮನಸ್ಸು ಬರುತ್ತಿಲ್ಲ.

ನಿನ್ನ ತಾಯಿಯವರಿಗೆ ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು. ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ, ನಿನಗೆ ಬೇಗ ಕೆಮ್ಮು ಹಿಡಿಯುತ್ತದೆ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನೀಲಾಂಬಿಕೆ

ಪುನಶ್ಚ: ಕಾಗದ ಮಡಿಸಿ ಅಂಟಿಸಲು ಹೊರಟವಳು ಮತ್ತೆ ಬಿಚ್ಚಿದ್ದೇನೆ. ಬರೆಯದಿದ್ದರೆ ನನ್ನ ಎದೆ ಒಡೆಯುತ್ತದೆ.

ಹೊರಡುವಾಗ ಚಿಕ್ಕಲಕ್ಷ್ಮಮ್ಮ ಇನ್ನೊಂದು ಮಾತು ಹೇಳಿದಳು. ಡಾಕ್ಟರು ಮೊದಲು ಕೇಳಿದ್ದು ಅವಳನ್ನಲ್ಲವಂತೆ, ನಿನ್ನನ್ನಂತೆ. ಬ್ಯಾಂಡೇಜು ಸುತ್ತುತ್ತಿದ್ದ ಈ ನರ್ಸಮ್ಮ ಎಲ್ಲಾ ಕೇಳಿಸಿಕೊಂಡಿದ್ದಾರೆ, ಇನ್ನು ನಾನು ಸಿಕ್ಕಿಬಿದ್ದೆ ಎಂದು ಅವಳು ನಿಜ ಹೇಳಲು ಬಾಯಿ ತೆರೆದಿದ್ದಳಂತೆ. ಅಷ್ಟರಲ್ಲಿ ನೀನು, ನಾನು ಆಗ ಅಲ್ಲಿರಲಿಲ್ಲ ಸಾರ್ ಎಂದೆಯಂತೆ. ಅದನ್ನು ಕೇಳಿದ ಮೇಲೆಯೇ ಅವಳಿಗೆ ಸುಳ್ಳು ಹೇಳಲು ಧೈರ್ಯ ಬಂದದ್ದು.

ಅವಳು ಮಗಳನ್ನು ಕಳೆದುಕೊಂಡು ಸುಳ್ಳು ಹೇಳಿದಳು. ನೀನು ಏನು ಕಳೆದುಕೊಂಡಿದ್ದೆ ಸುವರ್ಣಾ? ಹೇಳಿಬಿಟ್ಟು ಬಂದು ನನ್ನ ಹೆಗಲ ಮೇಲೆ ಅತ್ತೆಯಲ್ಲ, ಆ ಕಣ್ಣೀರು ಯಾವುದಕ್ಕೆ?

ವಾರ್ಡು ನಿನ್ನದೇ ಇರಲಿ, ನನಗದು ಬೇಡ. ನನ್ನ ಹೆಸರನ್ನು ಸರಿಮಾಡಲೂ ಹೋಗಬೇಡ, ಅದಕ್ಕೆ ಚಿಕ್ಕಲಕ್ಷ್ಮಮ್ಮ ಬರುತ್ತಾಳೆ. ಆ ಗೇಟು ತೆಗೆಸು, ಮನೆಯವರನ್ನು ಒಳಗೆ ಬಿಡು. ಅದು ಆಗುವವರೆಗೂ ನನ್ನನ್ನು ಅಕ್ಕ ಎಂದು ಬರೆಯಬೇಡ.